ಹಾಕೊನೆಯ ರಹಸ್ಯ ಪೆಟ್ಟಿಗೆ: ಆರು ನಡೆಯಲ್ಲಿ ತೆರೆಯುವ ಹಿಮಿತ್ಸುಬಾಕೊ ಮಾಡುವ ಬಗೆ

ಬೀಗವಿಲ್ಲ, ಕೀಲಿಲ್ಲ, ಹಿಡಿದೆಳೆಯಲು ಗುಬುಟೂ ಇಲ್ಲ. ತಿರುಗಿಸಿ ತಿರುಗಿಸಿ ನೋಡಿದರೂ ಆರೂ ಮುಖ ಮುಚ್ಚಿಯೇ ಇರುತ್ತವೆ. ಬಲಬದಿಯ ಹಲಗೆಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿದರೆ ಅದು 4 ಮಿ.ಮೀ. ಜಾರಿ ಟಕ್ಕೆಂದು ನಿಲ್ಲುತ್ತದೆ. ಹಿಮಿತ್ಸುಬಾಕೊ, ಅಂದರೆ ರಹಸ್ಯ ಪೆಟ್ಟಿಗೆ, ತೆರೆದುಕೊಳ್ಳಲು ಶುರುವಾಗುವುದು ಹೀಗೆ.

ಇದರ ತವರು ಜಪಾನಿನ ಕಾನಗಾವಾ ಪ್ರಾಂತ್ಯದ ಹಾಕೊನೆ ಗುಡ್ಡಗಳು ಮತ್ತು ಪಕ್ಕದ ಒದಾವಾರಾ. ಹಳೆಯ ತೋಕಾಯ್ದೊ ಹೆದ್ದಾರಿ ಈ ಗುಡ್ಡ ಹತ್ತಿ ಹೋಗುತ್ತಿತ್ತು. ದಾರಿಹೋಕರಿಗೆ ಮರದ ಸಾಮಾನು ಮಾರುವುದು ಇಲ್ಲಿಯ ಊರುಗಳ ಕಸುಬು. ಪೆಟ್ಟಿಗೆಯ ಮೈಮೇಲೆ ಕಾಣುವ ಬಣ್ಣಬಣ್ಣದ ಮರದ ಚಿತ್ತಾರಕ್ಕೆ ಯೊಸೆಗಿ ಎನ್ನುತ್ತಾರೆ. ಅದನ್ನು ಎಡೊ ಕಾಲದ (1603–1868) ಕೊನೆಯಲ್ಲಿ ಶುರುಮಾಡಿದವರು ಹಾತಾಜುಕು ಊರಿನ ಇಶಿಕಾವಾ ನಿಹೆಯ್. 1984ರಲ್ಲಿ ಹಾಕೊನೆಯ ಯೊಸೆಗಿಗೆ ಜಪಾನ್ ಸರ್ಕಾರದ ಸಾಂಪ್ರದಾಯಿಕ ಕರಕುಶಲ ಮಾನ್ಯತೆ ಸಿಕ್ಕಿತು. ಅಲ್ಲಿ ಪೆಟ್ಟಿಗೆಯ ಅಳತೆಯನ್ನು ಇವತ್ತಿಗೂ ಸುನ್ ಲೆಕ್ಕದಲ್ಲಿ ಹೇಳುತ್ತಾರೆ; 1 ಸುನ್ ಎಂದರೆ 30.3 ಮಿ.ಮೀ. ಜೊತೆಗೆ ಎಷ್ಟು ನಡೆಯಲ್ಲಿ ತೆರೆಯುತ್ತದೆ ಎಂಬ ಲೆಕ್ಕ: 4, 7, 10, 21, ಕೆಲವು 72ರವರೆಗೂ ಹೋಗುತ್ತವೆ.

ಇಲ್ಲಿ ವಿವರಿಸುತ್ತಿರುವುದು ಆರು ನಡೆಯ ಪೆಟ್ಟಿಗೆ. ಉದ್ದ 148, ಅಗಲ 90, ಎತ್ತರ 60 ಮಿ.ಮೀ.; ಉದ್ದ 5 ಸುನ್‌ಗೆ 3.5 ಮಿ.ಮೀ. ಕಡಿಮೆ. ಮೊದಲ ಪೆಟ್ಟಿಗೆಗೆ ಇದಕ್ಕಿಂತ ಚಿಕ್ಕದು ಬೇಡ. ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಒಳಗೆ ನಡೆಯುವುದೇನು

ಮರ ಕೊಯ್ಯುವ ಮುಂಚೆ ಈ ಚಲನೆ ತಲೆಯಲ್ಲಿ ಕೂರಬೇಕು. ಪೆಟ್ಟಿಗೆಯಲ್ಲಿ ಜಾರುವ ಹಲಗೆಗಳು ನಾಲ್ಕು: ಮೇಲೆ ಮುಚ್ಚಳ, ಕೆಳಗೆ ತಳಹಲಗೆ, ಎರಡು ತುದಿಗಳಲ್ಲಿ ಎರಡು ಕೆನ್ನೆಗಳು. ಮುಚ್ಚಳ ಮತ್ತು ತಳಹಲಗೆ ಉದ್ದಕ್ಕೆ ಜಾರುತ್ತವೆ, ಕೆನ್ನೆಗಳು ಮೇಲೆ ಕೆಳಗೆ ಜಾರುತ್ತವೆ. ಮುಂದಿನ, ಹಿಂದಿನ ಗೋಡೆಗಳು, ಒಳನೆಲ, ಎರಡು ಒಳತುದಿ ಗೋಡೆಗಳು ಅಲುಗುವುದಿಲ್ಲ. ಜಾರುವ ನಾಲ್ಕೂ ಒಂದರ ಹಿಂದೊಂದು ಕೈಹಿಡಿದ ಬಳೆಯ ಹಾಗೆ ಪೆಟ್ಟಿಗೆಯನ್ನು ಸುತ್ತುತ್ತವೆ, ಪ್ರತಿಯೊಂದೂ ಪಕ್ಕದ್ದನ್ನು ತಡೆದಿರುತ್ತದೆ.

ಮೊದಲ ನಡೆಯಲ್ಲಿ ಬಲಗೆನ್ನೆ 4 ಮಿ.ಮೀ. ಕೆಳಕ್ಕೆ ಇಳಿಯುತ್ತದೆ. ತಳಹಲಗೆಯ ಬಲತುದಿಯ ನಾಲಿಗೆ, ಅಂದರೆ ಅಂಚಿನಿಂದ ಹೊರಚಾಚಿದ ತೆಳು ಪಟ್ಟಿ, ಬಲಗೆನ್ನೆಯಲ್ಲಿ ಕೊರೆದ ಕಂಡಿಯೊಳಗೆ ಇರುವುದರಿಂದ ಅದು ಅಲ್ಲಿಗೇ ನಿಲ್ಲುತ್ತದೆ. ಎರಡನೆಯದರಲ್ಲಿ ಮುಚ್ಚಳ 6 ಮಿ.ಮೀ. ಬಲಕ್ಕೆ ಸರಿಯುತ್ತದೆ. ಮುಚ್ಚಳದ ಬಲ ಅಂಚನ್ನು ಒಳಮುಖದಲ್ಲಿ ತೆಳುಮಾಡಿರುತ್ತದೆ. ಆ ತೆಳು ಭಾಗ ಇಳಿದ ಕೆನ್ನೆಯ ಮೇಲೆ ಹಾಯುತ್ತದೆ, ದಪ್ಪ ಭಾಗ ಕೆನ್ನೆಗೆ ತಾಗಿ ನಿಲ್ಲುತ್ತದೆ. ಆ 6 ಮಿ.ಮೀ.ಗೆ ಮುಚ್ಚಳದ ಎಡತುದಿಯ ನಾಲಿಗೆ ಎಡಗೆನ್ನೆಯ ಕಂಡಿಯಿಂದ ಈಚೆ ಬಂದಿರುತ್ತದೆ. ಹಾಗಾಗಿ ಮೂರನೆಯದರಲ್ಲಿ ಎಡಗೆನ್ನೆ 4 ಮಿ.ಮೀ. ಮೇಲೇಳುತ್ತದೆ. ನಾಲ್ಕನೆಯದರಲ್ಲಿ ತಳಹಲಗೆ ಎಡಗೆನ್ನೆಯ ಅಡಿಯಲ್ಲಿ 6 ಮಿ.ಮೀ. ಎಡಕ್ಕೆ ಸರಿದು, ಬಲಗೆನ್ನೆಯಿಂದ ತನ್ನ ನಾಲಿಗೆಯನ್ನು ಎಳೆದುಕೊಳ್ಳುತ್ತದೆ. ಐದನೆಯದರಲ್ಲಿ ಬಲಗೆನ್ನೆ ಇನ್ನೂ 2.5 ಮಿ.ಮೀ. ಇಳಿಯುತ್ತದೆ. ಆರನೆಯದರಲ್ಲಿ ಮುಚ್ಚಳ ಪೂರ್ತಿ ಬಲಕ್ಕೆ ಜಾರಿ ಹೊರಗೆ ಬರುತ್ತದೆ.

ಮುಚ್ಚಳ ಮತ್ತು ತಳಹಲಗೆ ಅಳತೆಯಲ್ಲಿ ಅವಳಿಜವಳಿ. ಒಂದನ್ನು ಮಗುಚಿ ತುದಿ ಬದಲಿಸಿದರೆ ಇನ್ನೊಂದು. ಆದ್ದರಿಂದ ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಕೊಯ್ಯಿರಿ, ಒಂದಕ್ಕಿಂತ ಒಂದು ಬೇರೆಯಾಗಲು ಅವಕಾಶವನ್ನೇ ಕೊಡಬೇಡಿ.

ಮರ

ಹಾಕೊನೆಯಲ್ಲಿ ಒಡಲಿಗೆ ಹೊ-ನೊ-ಕಿ ಎಂಬ ಜಪಾನಿ ಮ್ಯಾಗ್ನೋಲಿಯಾ ಅಥವಾ ಕಾತ್ಸುರಾ ಬಳಸುತ್ತಾರೆ. ಎರಡೂ ಹಗುರ, ನುಣುಪು, ಉಳಿಗೆ ಬೆಣ್ಣೆಯಂತೆ ಒದಗುವ ಮರ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆಮರ: ಬಿಳಿ, ಸಣ್ಣ ನಾರು, ಗಂಟು ಕಡಿಮೆ. ತೇಗ ಬೇಡ ಎಂದಲ್ಲ, ಆದರೆ ಅದರ ಎಣ್ಣೆಯಂಶ ಅಂಟು ಹಿಡಿಯಲು ಅಡ್ಡಿ. ಅಂಟು ಹಚ್ಚುವ ಮುಖವನ್ನು ಆಗಷ್ಟೇ ಕೀಸಿ, ತಡಮಾಡದೆ ಅಂಟಿಸಬೇಕಾಗುತ್ತದೆ. 1.2 ಮೀಟರ್ ಉದ್ದ, 100 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಒಂದು ಹಲಗೆ ಒಂದು ಪೆಟ್ಟಿಗೆಗೆ ಸಾಕು. ಕೊಯ್ಯುವ ಮುಂಚೆ ಮೂರು ವಾರ ಕೆಲಸದ ಕೋಣೆಯಲ್ಲೇ, ನಡುವೆ ಚಕ್ಕೆ ಕೊಟ್ಟು, ಗಾಳಿಯಾಡುವಂತೆ ಇಡಿ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ಉಳಿ ಹಿಡಿಯುವ ಮುಂಚೆಯೇ. ಮರ ನಾರಿನ ಉದ್ದಕ್ಕೆ ಉಬ್ಬುವುದಿಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಉಬ್ಬುತ್ತದೆ. 74 ಮಿ.ಮೀ. ಅಗಲದ ಮುಚ್ಚಳದ ತೇವಾಂಶ ಶೇ. 4ರಷ್ಟು ಏರಿದರೆ, ಸಾಮಾನ್ಯ ಸೀಳಿನ ಹಲಗೆ ಅರ್ಧದಿಂದ ಮುಕ್ಕಾಲು ಮಿ.ಮೀ. ಅಗಲವಾಗುತ್ತದೆ. ನಾವು ಬಿಡುವ ಸಡಿಲವೇ 0.3. ಇದಕ್ಕೆ ಪರಿಹಾರ ಎರಡು. ವರ್ಷದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿರುವ ಸೀಳನ್ನು ಆರಿಸಿ. ಜಪಾನಿನಲ್ಲಿ ಇದನ್ನು ಮಾಸಮೆ ಎನ್ನುತ್ತಾರೆ. ಇದು ಉಬ್ಬುವುದು ಸುಮಾರು ಅರ್ಧದಷ್ಟೇ. ಎರಡನೆಯದು, ಗೋಡೆಗಳು, ಕೆನ್ನೆಗಳು, ಒಳತುದಿಗಳು, ಎಲ್ಲದರ ನಾರೂ ಅಡ್ಡಡ್ಡ ಮಲಗಿರಲಿ. ಆಗ ಮಳೆಗಾಲದಲ್ಲಿ ಎಲ್ಲವೂ ಎತ್ತರದಲ್ಲಿ ಒಟ್ಟಿಗೆ ಉಬ್ಬುತ್ತವೆ, ಬೇಸಗೆಯಲ್ಲಿ ಒಟ್ಟಿಗೆ ಕುಗ್ಗುತ್ತವೆ. ಒಂದು ಕೆನ್ನೆಯ ನಾರು ನೆಟ್ಟಗೆ ನಿಂತರೂ ಜುಲೈಯಲ್ಲಿ ಪೆಟ್ಟಿಗೆ ಬಾಯಿ ಬಿಡುವುದಿಲ್ಲ.

ಕಲಬುರಗಿಯ ಏಪ್ರಿಲಿನಲ್ಲಿ ಮಾಡುವವರು ಮುಚ್ಚಳಕ್ಕೆ 0.8 ಮಿ.ಮೀ. ಸಡಿಲ ಬಿಡಲಿ, ಮಂಗಳೂರಿನ ಆಷಾಢದಲ್ಲಿ ಮಾಡುವವರಿಗೆ 0.3 ಸಾಕು. ಅಂಚಿನ ಸಂದು ಕಂಡರೂ ಒಳಗಿನ ನಾಲಿಗೆ ಅದನ್ನು ಮುಚ್ಚಿಕೊಳ್ಳುತ್ತದೆ.

ಅಳತೆಗಳು

ಎಲ್ಲವೂ ಮಿ.ಮೀ.ನಲ್ಲಿ. ಪೆಟ್ಟಿಗೆಯ ತಳವನ್ನು ಸೊನ್ನೆ ಎಂದು ಹಿಡಿದು ಎತ್ತರಗಳನ್ನು ಹೇಳಿದೆ.

ಮುಂದಿನ ಮತ್ತು ಹಿಂದಿನ ಗೋಡೆ: 140 × 60 × 8, ಎರಡು.
ಮುಚ್ಚಳ ಮತ್ತು ತಳಹಲಗೆ: ನಾಲಿಗೆ ಸೇರಿ 129 × 79.3 × 6, ಎರಡು.
ಕೆನ್ನೆಯ ಒಳದಿಂಡು (ಕೆನ್ನೆ ಎರಡು ಪದರದ್ದು, ಇದು ಒಳಪದರ): ನಾಲಿಗೆ ಸೇರಿ 79.6 × 60 × 8.2, ಎರಡು.
ಕೆನ್ನೆಯ ಹೊರಮುಖ: 90 × 60 × 4, ಎರಡು.
ಒಳತುದಿ ಗೋಡೆ: 78 × 44.6 × 6, ಎರಡು.
ಒಳನೆಲ: 123.6 × 78 × 3, ಒಂದು. ಇದಕ್ಕೆ ಒಳ್ಳೆಯ ಪ್ಲೈವುಡ್ ಸಾಕು, ಯಾರಿಗೂ ಕಾಣದು.

ಗೋಡೆಯ ಒಳಮುಖದಲ್ಲಿ ತಳಹಲಗೆಗೆ 2ರಿಂದ 4ರ ಎತ್ತರದಲ್ಲಿ, ಮುಚ್ಚಳಕ್ಕೆ 56ರಿಂದ 58ರ ಎತ್ತರದಲ್ಲಿ, 3 ಆಳದ ಗ್ರೂವ್‌ಗಳು (ನಾಲಿಗೆ ಜಾರುವ ಉದ್ದನೆಯ ಕಾಲುವೆಗಳು) ತುದಿಯಿಂದ ತುದಿಗೆ ಓಡುತ್ತವೆ. ಒಳನೆಲಕ್ಕೆ 6.2ರಿಂದ 9.2ರವರೆಗೆ 2 ಆಳದ ಗ್ರೂವ್. ಒಳತುದಿ ಗೋಡೆಗಳಿಗೆ ಗೋಡೆಯ ಎರಡೂ ತುದಿಯಿಂದ 8.2 ಒಳಗೆ, 6 ಅಗಲ, 2 ಆಳದ ನೆಟ್ಟನೆಯ ಗ್ರೂವ್, ಎತ್ತರ 9.2ರಿಂದ 53.8.

ಇನ್ನು ಕೆನ್ನೆಗಳ ಗ್ರೂವ್. ಗೋಡೆಯ ತುದಿಯಿಂದ 4 ಬಿಟ್ಟು, 3.1 ಅಗಲ, 3 ಆಳ. ಬಲತುದಿಯಲ್ಲಿ ಇದು 7.5ರಿಂದ 46ರವರೆಗೆ, ಎಡತುದಿಯಲ್ಲಿ 14ರಿಂದ 50.2ರವರೆಗೆ. ಎರಡೂ ಕೆನ್ನೆಗಳ ಪಕ್ಕದ ನಾಲಿಗೆ 14ರಿಂದ 46ರವರೆಗಿನ 32 ಉದ್ದದ್ದು. ಲೆಕ್ಕ ಹಾಕಿ ನೋಡಿ: ಬಲಗೆನ್ನೆ 6.5 ಇಳಿಯಬಲ್ಲದು, ಏರಲಾರದು, ಎಡಗೆನ್ನೆ 4.2 ಏರಬಲ್ಲದು, ಇಳಿಯಲಾರದು. ಗ್ರೂವ್‌ನ ಎರಡು ತುದಿಗಳೇ ಇಲ್ಲಿ ತಡೆ. ಬೇರೆ ಮೊಳೆ, ಗೂಟ ಯಾವುದೂ ಬೇಡ. ತುದಿಯಿಂದ 4 ಬಿಡಬೇಕು ಎಂದಿರುವುದನ್ನು ಕಡಿಮೆ ಮಾಡಬೇಡಿ. 2ಕ್ಕೆ ಇಳಿಸಿದರೆ ಆ ತೆಳು ಪಟ್ಟಿ ಉಳಿಯ ಪೆಟ್ಟಿಗೇ ಸಿಡಿಯುತ್ತದೆ.

ಗ್ರೂವ್ ಮತ್ತು ನಾಲಿಗೆ ಕೊಯ್ಯುವುದು

ಬೇಕಾದ ಹತ್ಯಾರಗಳು ಹೆಚ್ಚಿಲ್ಲ: ತೆಳು ಅಲಗಿನ ಜಪಾನಿ ಗರಗಸ, 3 ಮತ್ತು 6 ಮಿ.ಮೀ. ಉಳಿ, ಚೆನ್ನಾಗಿ ಹರಿತ ಮಾಡಿದ ಕೀಸುಳಿ, ಗುರುತು ಹಾಕಲು ಚೂಪಾದ ಚಾಕು, ಮೂಲೆಮಟ್ಟ, ಡಿಜಿಟಲ್ ಕ್ಯಾಲಿಪರ್. ಜಪಾನಿ ಗರಗಸ ನಿಮ್ಮ ಕಡೆಗೆ ಎಳೆದಾಗ ಕೊಯ್ಯುತ್ತದೆ. ಅದಕ್ಕೇ ಅದರ ಅಲಗು ಅಷ್ಟು ತೆಳುವಾಗಿರಲು ಸಾಧ್ಯ. ಪೆನ್ಸಿಲ್ ಗೆರೆ ಇಲ್ಲಿ ಕೆಲಸಕ್ಕೆ ಬಾರದು, ಗೆರೆಯ ದಪ್ಪವೇ ನಮ್ಮ ಸಡಿಲವನ್ನು ನುಂಗಿಬಿಡುತ್ತದೆ. ಚಾಕುವಿನಿಂದ ಗೀರಿ, ಆ ಗೀರಿಗೆ ಉಳಿಯ ಬಾಯಿ ಕೂರಿಸಿ.

ಉದ್ದದ ಗ್ರೂವ್‌ಗಳನ್ನು 2 ಮಿ.ಮೀ. ಬಿಟ್ ಹಾಕಿದ ರೌಟರ್‌ನಲ್ಲಿ (ತಿರುಗುವ ಅಲಗಿನಿಂದ ಮರ ಕೊರೆಯುವ ಯಂತ್ರ) ಹೊಡೆಯುವುದು ಸಲೀಸು. ಎರಡೂ ಗೋಡೆಗಳನ್ನು ಒಂದೇ ಫೆನ್ಸ್‌ಗೆ (ಅದರ ನೇರ ಆಧಾರಪಟ್ಟಿ) ಒತ್ತಿ, ಫೆನ್ಸ್ ಅಲುಗಿಸದೆ ಮುಗಿಸಿ. ಎರಡು ಗೋಡೆಗಳ ಗ್ರೂವ್ 0.2 ಹೆಚ್ಚುಕಡಿಮೆಯಾದರೂ ಮುಚ್ಚಳ ಓರೆಯಾಗಿ ಕಚ್ಚುತ್ತದೆ. ಕೆನ್ನೆಗಳ ಕುರುಡು ಗ್ರೂವ್‌ಗೆ (ಗೋಡೆಯ ಅಂಚಿನವರೆಗೆ ಓಡದೆ ನಡುವೆಯೇ ನಿಲ್ಲುವುದು) ಮೊದಲು ಎರಡು ತುದಿಯಲ್ಲಿ 3 ಮಿ.ಮೀ. ತೂತು ಕೊರೆದು, ನಡುವಿನದನ್ನು ಉಳಿಯಿಂದ ತೆಗೆಯಿರಿ, ತುದಿಗಳನ್ನು ಚೌಕ ಮಾಡಿ.

ಮುಚ್ಚಳ ಮತ್ತು ತಳಹಲಗೆಯ ಎರಡು ಉದ್ದ ಅಂಚುಗಳಲ್ಲಿ 2.8 ಉದ್ದದ ನಾಲಿಗೆ, ಒಂದು ತುದಿಯಲ್ಲಿ 5 ಉದ್ದದ ನಾಲಿಗೆ, ಎಲ್ಲವೂ 1.9 ದಪ್ಪ, ಹಲಗೆಯ ದಪ್ಪದ ಸರಿಮಧ್ಯ. ಇನ್ನೊಂದು ತುದಿಯ ಒಳಮುಖದಲ್ಲಿ 6 ಅಗಲ, 2.2 ಆಳದ ರಿಬೇಟ್, ಅಂದರೆ ಅಂಚಿನಲ್ಲಿ ಮೆಟ್ಟಿಲಿನಂತೆ ತೆಗೆದ ಕೊರೆತ. ಉಳಿಯುವ ತೆಳು ಅಂಚು 3.8 ಇರಬೇಕು. ಕೆನ್ನೆ ಇಳಿಯುವುದು 4, ಆ 0.2ರ ಸಂದಿನಲ್ಲೇ ಮುಚ್ಚಳ ನುಸುಳುವುದು.

ಬಲಗೆನ್ನೆಯ ಒಳಮುಖದ ಕಂಡಿ 2ರಿಂದ 8ರವರೆಗೆ, ಅಂದರೆ 6 ಎತ್ತರ, 6 ಆಳ. ಎಡಗೆನ್ನೆಯದು 55.9ರಿಂದ 58.1ರವರೆಗೆ, 2.2 ಎತ್ತರ ಮಾತ್ರ, ಆಳ ಅದೇ 6. ಎರಡನ್ನೂ ಒಂದೇ ಥರ ಎತ್ತರವಾಗಿ ಕೊಯ್ದರೆ ಎಡಗೆನ್ನೆ ಯಾರ ಅಪ್ಪಣೆಗೂ ಕಾಯದೆ ಮೇಲೇಳುತ್ತದೆ, ತಳಹಲಗೆ ಸರಿಯುತ್ತದೆ, ಬಲಗೆನ್ನೆ ಒಂದೇ ಸಲಕ್ಕೆ ಪೂರ್ತಿ ಇಳಿಯುತ್ತದೆ, ಪೆಟ್ಟಿಗೆ ನಾಲ್ಕೇ ನಡೆಯಲ್ಲಿ ತೆರೆದುಕೊಳ್ಳುತ್ತದೆ. ಮಕ್ಕಳಿಗಾಗಿ ನಾಲ್ಕು ನಡೆಯದ್ದೇ ಬೇಕಿದ್ದರೆ ಹಾಗೆಯೇ ಮಾಡಬಹುದು.

ಯೊಸೆಗಿಯ ಹೊದಿಕೆ

ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದಲ್ಲಿ ಹಲಗೆಯನ್ನು ಕೆತ್ತಿ, ಕುಳಿಯೊಳಗೆ ಬೇರೆ ಬಣ್ಣದ ಚೂರು ಕೂರಿಸುತ್ತಾರೆ. ಯೊಸೆಗಿಯ ದಾರಿ ಬೇರೆ. ಬಣ್ಣಬಣ್ಣದ ಮರದ ಕಡ್ಡಿಗಳನ್ನು ತ್ರಿಕೋನ, ಚೌಕ, ವಜ್ರದ ಆಕಾರಕ್ಕೆ ಕೀಸಿ, ಅಂಟು ಹಚ್ಚಿ, ದಾರದಿಂದ ಬಿಗಿದು ಕಟ್ಟಿ ಒಂದು ದಿಂಡು ಮಾಡುತ್ತಾರೆ. ಆ ದಿಂಡನ್ನು ಅಡ್ಡ ತುಂಡರಿಸಿ, ತುಂಡುಗಳನ್ನು ಪಕ್ಕಪಕ್ಕ ಅಂಟಿಸಿದರೆ ಅಗಲವಾದ ಚಿತ್ತಾರದ ಗಟ್ಟಿ. ಅದರ ಮುಖವನ್ನು ದೊಡ್ಡ ಕೀಸುಳಿಯಿಂದ ಕಾಗದದಷ್ಟು ತೆಳ್ಳಗೆ, ಸುಮಾರು 0.2 ಮಿ.ಮೀ., ಒಂದೇ ಎಳೆತದಲ್ಲಿ ಕೀಸಿ ತೆಗೆಯುತ್ತಾರೆ. ಆ ಹಾಳೆಗೆ ಜುಕು ಎಂದು ಹೆಸರು. ಬಣ್ಣ ಬಳಿಯುವುದಿಲ್ಲ, ಬಿಳಿಗೆ ಮಿಜುಕಿ, ಹಳದಿಗೆ ನಿಗಾಕಿ, ಕಂದಿಗೆ ವಾಲ್‌ನಟ್, ಹೀಗೆ ಮರದ ಸ್ವಂತ ಬಣ್ಣವೇ ಬಣ್ಣ. ನಮ್ಮಲ್ಲಿ ಆಲೆಮರ ಬಿಳಿ, ಹಲಸು ಹಳದಿ, ಹೊನ್ನೆ ಕಂದು, ಬೀಟೆ ಕಪ್ಪುಗೆಂಪು ಕೊಡುತ್ತವೆ.

ಮೊದಲ ಸಲಕ್ಕೆ ಇಚಿಮಾತ್ಸು, ಅಂದರೆ ಚೌಕುಳಿ ಚಿತ್ತಾರ, ಸಾಕು: 6 ಮಿ.ಮೀ. ಚೌಕದ ಕಡ್ಡಿಗಳು, ಎರಡು ಬಣ್ಣ. ಜುಕು ಕೀಸಿದ ಕೂಡಲೆ ಸುರುಳಿ ಸುತ್ತಿಕೊಳ್ಳುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ. ಸಣ್ಣ ಉರಿಯ ಇಸ್ತ್ರಿಪೆಟ್ಟಿಗೆಯನ್ನು ಕಾಗದದ ಮೇಲಿಂದ ಒತ್ತಿ ಚಪ್ಪಟೆ ಮಾಡಿ, ನಂತರ ಬಿಳಿ ಮರದಂಟಿನಿಂದ ಅಂಟಿಸಿ. ಮುಚ್ಚಳ, ತಳಹಲಗೆಗಳಿಗೆ ಒಂದೇ ಮುಖಕ್ಕೆ ಅಂಟಿಸಿದರೆ ಹಲಗೆ ದೋಣಿಯಂತೆ ಬಾಗುತ್ತದೆ. ಒಳಮುಖಕ್ಕೂ ಅಷ್ಟೇ ದಪ್ಪದ ಸಾದಾ ಮರದ ಹಾಳೆ ಹಚ್ಚಿ. ಹಾಗೆ ಮಾಡುವಾಗ ನಡುವಿನ ಹಲಗೆ 5.6 ಇರಲಿ, ಒಟ್ಟು 6 ಆಗಲಿ. ಹೊದಿಕೆ ಅಂಟಿ ಒಣಗಿದ ಮೇಲೆಯೇ ನಾಲಿಗೆ, ರಿಬೇಟ್ ಕೊಯ್ಯುವುದು.

ಜೋಡಣೆ

ತಳಹಲಗೆ ಮತ್ತು ಎರಡು ಕೆನ್ನೆಗಳ ದಿಂಡುಗಳು ಗೋಡೆಗಳ ನಡುವೆ ಶಾಶ್ವತವಾಗಿ ಸಿಕ್ಕಿಬೀಳುತ್ತವೆ. ಅಂಟು ಒಣಗಿದ ಮೇಲೆ ಅವನ್ನು ತೆಗೆಯುವ ದಾರಿಯಿಲ್ಲ. ಆದ್ದರಿಂದ ಅಂಟಿಲ್ಲದೆ, ರಬ್ಬರ್ ಬ್ಯಾಂಡ್ ಬಿಗಿದು, ಆರೂ ನಡೆಗಳನ್ನು ಹಿಂದೆ ಮುಂದೆ ಹತ್ತು ಸಲ ಆಡಿಸಿ. ಎಲ್ಲಾದರೂ ಕಚ್ಚಿದರೆ ನಾಲಿಗೆಯ ಮೇಲೆ ಮೆತ್ತನೆ ಪೆನ್ಸಿಲ್ ಉಜ್ಜಿ, ಒಮ್ಮೆ ಜಾರಿಸಿ, ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ಮಂಕಾಗಿರುವ ಬೂದುಬಣ್ಣದ ನಡುವೆ ಒಂದು ಕಡೆ ಉಗುರಿನಷ್ಟು ಜಾಗ ಮಿರಮಿರ ಹೊಳೆಯುತ್ತಿರುತ್ತದೆ. ತಾಗುತ್ತಿರುವುದು ಅಲ್ಲೇ. ಅಲ್ಲಿ ಮಾತ್ರ ಒಂದು ಎಳೆ ಕೀಸಿ ಮತ್ತೆ ನೋಡಿ. ಇಡೀ ನಾಲಿಗೆಯನ್ನು ಉಪ್ಪುಕಾಗದದಿಂದ ಉಜ್ಜುವುದು ಸುಲಭ ಅನ್ನಿಸುತ್ತದೆ, ಆದರೆ ಆಮೇಲೆ ಅದು ಲೊಡಲೊಡ ಎನ್ನುತ್ತದೆ.

ಎಲ್ಲ ಸರಿಬಂದ ಮೇಲೆ ಜಾರುವ ನಾಲಿಗೆಗಳಿಗೂ ಅವುಗಳ ಗ್ರೂವ್‌ಗಳಿಗೂ ಸಾದಾ ಮೇಣದಬತ್ತಿ ಉಜ್ಜಿ. ಇದು ಜಾರಿಸುವುದಷ್ಟೇ ಅಲ್ಲ, ಸೋರಿದ ಅಂಟು ಅಲ್ಲಿ ಹಿಡಿಯದಂತೆಯೂ ಕಾಯುತ್ತದೆ. ಎಣ್ಣೆ ಬೇಡ, ಧೂಳು ಹಿಡಿದು ಅಂಟಂಟಾಗುತ್ತದೆ. ಮೇಣ ಒಳನೆಲ, ಒಳತುದಿಗಳ ಗ್ರೂವ್‌ಗೆ ತಾಗಬಾರದು, ಅಂಟು ಬೇಕಿರುವುದು ಅಲ್ಲಿಗೇ.

ಹಿಂದಿನ ಗೋಡೆಯನ್ನು ಮಲಗಿಸಿ ಒಳನೆಲ, ಒಳತುದಿಗಳನ್ನು ಅಂಟಿನಿಂದ ಕೂರಿಸಿ. ಅಂಟನ್ನು ಸಣ್ಣ ಕಡ್ಡಿಯಿಂದ ಗ್ರೂವ್‌ನ ತಳಕ್ಕೆ ಮಾತ್ರ ಹಚ್ಚಿ. ತಳಹಲಗೆ, ಎರಡು ದಿಂಡುಗಳು, ಮುಚ್ಚಳ, ಇವನ್ನು ಅಂಟಿಲ್ಲದೆ ಅವುಗಳ ಜಾಗದಲ್ಲಿಡಿ. ದಿಂಡು ಮತ್ತು ಒಳತುದಿಯ ನಡುವೆ 0.2 ದಪ್ಪದ ರಟ್ಟಿನ ಚೂರು ಇಟ್ಟು, ಮುಂದಿನ ಗೋಡೆ ಮುಚ್ಚಿ, ಎರಡು ಕ್ಲಾಂಪ್ ಹದವಾಗಿ ಬಿಗಿಯಿರಿ. ಐದು ನಿಮಿಷ ಬಿಟ್ಟು ಪ್ರತಿ ಹಲಗೆಯನ್ನೂ ಒಮ್ಮೆ ಅಲುಗಿಸಿ, ಅರ್ಧ ಗಂಟೆಗೆ ಇನ್ನೊಮ್ಮೆ. ಎಲ್ಲಾದರೂ ಅಂಟು ಸೋರಿದ್ದರೆ ಈ ಹೊತ್ತಿನಲ್ಲಿ ಬಿಟ್ಟುಕೊಳ್ಳುತ್ತದೆ, ಮರುದಿನ ಬಿಡುವುದಿಲ್ಲ. 24 ಗಂಟೆ ಬಿಟ್ಟು ಕ್ಲಾಂಪ್ ತೆಗೆಯಿರಿ.

ಕೊನೆಗೆ ಕೆನ್ನೆಗಳ ಹೊರಮುಖ. ಗೋಡೆಯ ತುದಿಗಳಲ್ಲಿ ಕಾಣುವ ಗ್ರೂವ್‌ನ ಬಾಯಿಗಳನ್ನು ಮುಚ್ಚುವುದು ಇವೇ. ದಿಂಡು ಗೋಡೆಗಿಂತ 0.2 ಹೊರಗೆ ಚಾಚಿರುವುದರಿಂದ ಹೊರಮುಖ ಗೋಡೆಗೆ ಉಜ್ಜುವುದಿಲ್ಲ. ಅಂಟನ್ನು ದಿಂಡಿನ ನಡುಭಾಗಕ್ಕೆ ಮಾತ್ರ, ಅಂಚಿನಿಂದ 6 ಮಿ.ಮೀ. ದೂರವಿಟ್ಟು ಹಚ್ಚಿ, ಗೋಡೆಯ ತುದಿಗಳ ಮೇಲೆ ಮೇಣದ ಕಾಗದ ಇಟ್ಟು ಅಂಟಿಸಿ. ಕೆನ್ನೆ ಮುಚ್ಚಿದ ಸ್ಥಿತಿಯಲ್ಲಿರಲಿ.

ಕೆಟ್ಟರೆ

ಪೆಟ್ಟಿಗೆ ಎತ್ತಿದ ಕೂಡಲೆ ಬಲಗೆನ್ನೆ ತಾನಾಗಿ ಇಳಿದರೆ ಪಕ್ಕದ ನಾಲಿಗೆ ಸಡಿಲ. ಒಣ ಜೋಡಣೆಯಲ್ಲೇ ಇದನ್ನು ಹಿಡಿದು, ಜುಕುವಿನ ಚೂರೊಂದನ್ನು ನಾಲಿಗೆಯ ಪಕ್ಕಕ್ಕೆ ಅಂಟಿಸಿ. ನಾಲ್ಕೂ ಹಲಗೆಗಳ ಬಿಗಿ ಒಂದೇ ಥರ ಇರಬೇಕು. ಒಂದು ಸಡಿಲವಾದರೆ ಬಿಡಿಸುವವರ ಬೆರಳಿಗೆ ಮೊದಲ ನಡೆ ತಾನಾಗಿ ಸಿಕ್ಕಿಬಿಡುತ್ತದೆ.

ಬಲಗೆನ್ನೆ ಇಳಿದರೂ ಮುಚ್ಚಳ ಕದಲದಿದ್ದರೆ ಕೆನ್ನೆ 3.8ಕ್ಕಿಂತ ಕಡಿಮೆ ಇಳಿಯುತ್ತಿದೆ. ಕಂಡಿಯ ಮೇಲಿನ ಅಂಚನ್ನು ಒಂದು ಎಳೆ ತೆಗೆಯಿರಿ. ಮುಚ್ಚಳ ಸರಿದರೂ ಎಡಗೆನ್ನೆ ಏಳದಿದ್ದರೆ ನಾಲಿಗೆ ಇನ್ನೂ ಕಂಡಿಯೊಳಗಿದೆ. ಆಗ ನಾಲಿಗೆಯನ್ನು ಅರ್ಧ ಮಿ.ಮೀ. ಗಿಡ್ಡ ಮಾಡಿ. ರಿಬೇಟ್ ಅಗಲ ಮಾಡಲು ಹೋಗಬೇಡಿ, ತೆಳು ಅಂಚು ಉದ್ದವಾದಷ್ಟೂ ಮುರಿಯುವ ಭಯ ಹೆಚ್ಚು. ಮೊದಲ ಒತ್ತಿಗೇ ಬಲಗೆನ್ನೆ ಪೂರ್ತಿ ಇಳಿದರೆ ತಳಹಲಗೆ ಬಲಕ್ಕೆ ಪೂರ್ತಿ ಕೂತಿಲ್ಲ, ಇಲ್ಲವೇ ಅದರ ನಾಲಿಗೆ ಮುರಿದಿದೆ.

ಮಳೆಗಾಲದಲ್ಲಿ ಕಚ್ಚಿಕೊಂಡ ಪೆಟ್ಟಿಗೆಯನ್ನು ಬಲವಂತವಾಗಿ ಎಳೆಯಬೇಡಿ, 1.9 ದಪ್ಪದ ನಾಲಿಗೆ ಅದನ್ನು ತಾಳುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಾಲ್ಕೈದು ದಿನ ಇಡಿ, ತಾನಾಗಿ ಬಿಡುತ್ತದೆ. ಬಿಸಿಲಿಗಿಟ್ಟರೆ ಒಂದೇ ಮುಖ ಒಣಗಿ ಹಲಗೆ ಬಾಗುತ್ತದೆ, ಜುಕು ಬಿರಿಯುತ್ತದೆ.

ಹೊರಮೈಯನ್ನು 240, ಆಮೇಲೆ 400 ನಂಬರಿನ ಉಪ್ಪುಕಾಗದದಿಂದ, ಬೆರಳಿನ ಭಾರವಷ್ಟೇ ಬಿಟ್ಟು ಉಜ್ಜಿ. ಜುಕು ಇರುವುದೇ 0.2, ನಾಲ್ಕು ಸಲ ಜೋರಾಗಿ ಉಜ್ಜಿದರೆ ಕೆಳಗಿನ ಮರ ಇಣುಕುತ್ತದೆ. ಲ್ಯಾಕರ್ ಎರಡು ತೆಳು ಕೋಟ್ ಸಾಕು. ಹಚ್ಚುವಾಗ ಬಟ್ಟೆಯಲ್ಲಿ ಲ್ಯಾಕರ್ ಕಡಿಮೆ ಇರಲಿ, ಸಂದುಗಳ ಮೇಲೆ ಅಡ್ಡ ಎಳೆಯದೆ ಸಂದಿನ ಉದ್ದಕ್ಕೇ ಎಳೆಯಿರಿ. ಪ್ರತಿ ಕೋಟ್ ಆದ ಹತ್ತು ನಿಮಿಷಕ್ಕೆ ಆರೂ ನಡೆಗಳನ್ನು ಒಮ್ಮೆ ಆಡಿಸಿ, ಸಂದಿಗೆ ಇಳಿದದ್ದನ್ನು ಒಣ ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯನ್ನು ತೆರೆದ ಸ್ಥಿತಿಯಲ್ಲೇ ಒಣಗಲು ಬಿಡಿ.